ಕೇಲ್ ಮಕಾರ್ ಅವರ 2022ರ ಪ್ಲೇಆಫ್: 29 ಅಂಕಗಳಲ್ಲಿ ಕಾಣಿಸದ ಬೆಳವಣಿಗೆಯ ಬಗ್ಗೆ

ಹಿಮದಂಗಳ:

ಡೆನ್ವರ್‌ಗೆ ಬಂದು ನೆಲೆಸಿದ ಮೇಲೆ ಐಸ್ ಹಾಕಿಯನ್ನು ನೋಡಲು ಕಲಿತವನು ನಾನು. ಈ ಊರಿನ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ತಂಡವಾದ ಕೊಲರಾಡೊ ಅವಲಾಂಚ್‌ನ ರಕ್ಷಣಾ ಆಟಗಾರ ಕೇಲ್ ಮಕಾರ್ ಅವರು, ತಂಡ ಲೀಗಿನ ಚಾಂಪಿಯನ್‌ಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದ 2022ರ ಪ್ಲೇಆಫ್‌ನ 20 ಪಂದ್ಯಗಳಲ್ಲಿ 8 ಗೋಲು, 21 ಅಸಿಸ್ಟ್ (ಗೋಲಿಗೆ ನೆರವಾದ ಪಾಸು) ಸೇರಿ 29 ಅಂಕ ಗಳಿಸಿ, ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿಯನ್ನು ಪಡೆದದ್ದು ಇಲ್ಲಿರುವ ಬಹುತೇಕರಿಗೆ ಗೊತ್ತಿದೆ. ಅದಕ್ಕೆ ಕೆಲವೇ ದಿನ ಮೊದಲು ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿಯೂ ಅವರ ಕೈ ಸೇರಿತ್ತು. ಒಂದೇ ವರ್ಷ ಈ ಎರಡನ್ನೂ ಪಡೆದವರು ಅವರಿಗಿಂತ ಮುಂಚೆ ಇಬ್ಬರೇ: 1970 ಮತ್ತು 1972ರಲ್ಲಿ ಬಾಬಿ ಓರ್, 2002ರಲ್ಲಿ ನಿಕ್ಲಾಸ್ ಲಿಡ್‌ಸ್ಟ್ರಾಮ್.

ಈ ಸಾಧನೆಯ ಮಾತು ಬಂದಾಗಲೆಲ್ಲ ಎಲ್ಲರೂ ಮೊದಲ ಸುತ್ತಿನ ನ್ಯಾಶ್‌ವಿಲ್ ಸರಣಿಯನ್ನು ನೆನೆಯುತ್ತಾರೆ (ಪ್ರತಿ ಸುತ್ತಿನಲ್ಲೂ ಮೊದಲು ನಾಲ್ಕು ಪಂದ್ಯ ಗೆದ್ದ ತಂಡ ಮುಂದಕ್ಕೆ ಹೋಗುತ್ತದೆ). ನಾಲ್ಕೇ ಪಂದ್ಯಗಳಲ್ಲಿ 10 ಅಂಕ ಗಳಿಸಿದ ಆಟಗಾರನನ್ನು ನೆನೆಯುವುದು ಸಹಜವೇ. ಆದರೆ ನನ್ನನ್ನು ಇಂದಿಗೂ ಕಾಡುವುದು ಎರಡನೆಯ ಸುತ್ತು. ಸೇಂಟ್ ಲೂಯಿಸ್ ಬ್ಲೂಸ್ ವಿರುದ್ಧ ಆರು ಪಂದ್ಯಗಳಲ್ಲಿ ಮಕಾರ್ ಅವರಿಗೆ ಸಿಕ್ಕಿದ್ದು ಮೂರು ಅಸಿಸ್ಟ್ ಮಾತ್ರ. ಒಂದು ಗೋಲೂ ಇಲ್ಲ. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಬಳಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಅವರ ಕೋಲಿಗೆ ಬರುತ್ತಿದ್ದಂತೆ ಎದುರಾಳಿಯ ಮುಂಪಡೆಯವರು ಮುನ್ನುಗ್ಗಿ ಗೋಲಿನ ದಾರಿಯನ್ನು ಮುಚ್ಚುತ್ತಿದ್ದರು. ಐದನೆಯ ಪಂದ್ಯದಲ್ಲಿ ಡೆನ್ವರ್‌ನಲ್ಲೇ 3-0 ಮುನ್ನಡೆಯನ್ನು ಕಳೆದುಕೊಂಡು ಹೆಚ್ಚುವರಿ ಅವಧಿಯಲ್ಲಿ ಸೋತ ರಾತ್ರಿ ಈ ಊರಿನ ಮೌನ ನನಗೆ ನೆನಪಿದೆ. ಹಿಂದಿನ ಮೂರು ವರ್ಷವೂ ಎರಡನೆಯ ಸುತ್ತಿನಲ್ಲೇ ಹೊರಬಿದ್ದಿದ್ದ ತಂಡವದು.

ಅಂಥ ಹೊತ್ತಿನಲ್ಲಿ ಇಪ್ಪತ್ತಮೂರು ವಯಸ್ಸಿನ ಆಟಗಾರನೊಬ್ಬ ಅಂಕ ಬರುತ್ತಿಲ್ಲವೆಂದು ಬಲವಂತಕ್ಕೆ ಬಿದ್ದು ಮುನ್ನುಗ್ಗುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಮಕಾರ್ ಹಾಗೆ ಮಾಡಲಿಲ್ಲ. ತಮ್ಮ ಗೋಲಿನ ಹಿಂದಿನಿಂದ ಪಕ್ ತೆಗೆದು ಮೊದಲ ಪಾಸನ್ನು ನೇರವಾಗಿ, ಸರಳವಾಗಿ ಕೊಡುತ್ತಾ, ತಾವು ಹಿಂದೆಯೇ ಉಳಿದರು. ಅವರ ನಿಜವಾದ ಬೆಳವಣಿಗೆ ಕಾಣುವುದು ಆ ಆರು ಪಂದ್ಯಗಳಲ್ಲಿ ಎಂಬುದು ನನ್ನ ವಾದ. ನಿಮ್ಮ ಅಭಿಪ್ರಾಯವನ್ನು ತಿಳಿಯುವ ಆಸೆಯಿದೆ.

ಅಂಕಿಅಂಶ:

ಹಿಮದಂಗಳ ಅವರೇ, ನಿಮ್ಮ ಬರಹದ ಕಾಳಜಿ ಮೆಚ್ಚಿಗೆಯಾಯಿತು, ಆದರೆ ವಾದವನ್ನು ಪೂರ್ತಿ ಒಪ್ಪಲಾರೆ. ಮೊದಲನೆಯದಾಗಿ, 29 ಅಂಕಗಳನ್ನು ಅಷ್ಟು ಬೇಗ ದಾಟಿಹೋಗುವುದು ಸರಿಯಲ್ಲ. ಒಂದೇ ಪ್ಲೇಆಫ್‌ನಲ್ಲಿ ಅದಕ್ಕಿಂತ ಹೆಚ್ಚು ಅಂಕ ಗಳಿಸಿದ ರಕ್ಷಣಾ ಆಟಗಾರರು ಅಂದಿಗೆ ಮೂವರೇ ಇದ್ದರು: 1985ರಲ್ಲಿ 37 ಅಂಕ ಗಳಿಸಿದ ಪಾಲ್ ಕಾಫಿ, 1994ರಲ್ಲಿ 34 ಗಳಿಸಿದ ಬ್ರಯನ್ ಲೀಚ್, 1989ರಲ್ಲಿ 31 ಗಳಿಸಿದ ಆಲ್ ಮೆಕಿನಿಸ್. ಕಾಫಿಯವರು ಆಡಿದ ಕಾಲದಲ್ಲಿ ಗೋಲುಗಳು ಇಂದಿಗಿಂತ ಬಹಳ ಸುಲಭವಾಗಿ ಬರುತ್ತಿದ್ದವು ಎಂಬುದನ್ನೂ ಗಮನಿಸಬೇಕು.

ಎರಡನೆಯದಾಗಿ, ಬೆಳವಣಿಗೆ ಎಂದು ಹೇಳಬೇಕಾದರೆ ಹಿಂದಿನದಕ್ಕೂ ಇಂದಿನದಕ್ಕೂ ವ್ಯತ್ಯಾಸ ತೋರಬೇಕು. ಮಕಾರ್ ಅವರು 2020ರಲ್ಲಿ, ಎಡ್ಮಂಟನ್ನಿನಲ್ಲಿ ಪ್ರೇಕ್ಷಕರಿಲ್ಲದೆ ನಡೆದ ಪ್ಲೇಆಫ್‌ನಲ್ಲಿ, 15 ಪಂದ್ಯಗಳಿಗೆ 15 ಅಂಕ ಗಳಿಸಿದ್ದರು. 2021ರಲ್ಲಿ 10 ಪಂದ್ಯಗಳಿಗೆ 10 ಅಂಕ. ಎಂದರೆ ಪಂದ್ಯಕ್ಕೊಂದು ಅಂಕ ಅವರಿಗೆ 2020ರಿಂದಲೂ ದಕ್ಕಿದ್ದೇ. ಗೆದ್ದ ಮೇಲೆ ಹಿಂತಿರುಗಿ ನೋಡಿದಾಗ ಪ್ರತಿಯೊಂದು ಶಾಂತ ಪಂದ್ಯವೂ ಪ್ರಬುದ್ಧತೆಯಾಗಿ ಕಾಣುತ್ತದೆ. ಸೋತಿದ್ದರೆ ಅದೇ ಆರು ಪಂದ್ಯಗಳನ್ನು ನಾವು ವೈಫಲ್ಯವೆಂದು ಕರೆಯುತ್ತಿದ್ದೆವು. ನಿಮ್ಮ ಮಾತಿಗೆ ಆಟದೊಳಗಿನ ಆಧಾರವನ್ನು ಇನ್ನಷ್ಟು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಕ್ಯಾಲ್ಗರಿಯಿಂದ:

ನಾನು ಫ್ಲೇಮ್ಸ್ ತಂಡದ ಅಭಿಮಾನಿ. ಮಕಾರ್ ಹುಟ್ಟಿ ಬೆಳೆದ ಊರಿನಲ್ಲಿ ವಾಸವಾಗಿದ್ದೇನೆ. 2019ರ ಏಪ್ರಿಲ್ 15ನ್ನು ಇಲ್ಲಿ ನೆನಪಿಸಬೇಕು. ಅದಕ್ಕೆ ಎರಡು ದಿನ ಮುಂಚೆ ಅವರು ಬಫಲೊದಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪರವಾಗಿ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ನ ಫೈನಲ್ ಆಡಿ, ಮಿನೆಸೋಟ ಡುಲೂತ್ ತಂಡಕ್ಕೆ 3-0ರಲ್ಲಿ ಸೋತಿದ್ದರು. ಮರುದಿನ ಅವಲಾಂಚ್ ಜೊತೆ ಒಪ್ಪಂದಕ್ಕೆ ಸಹಿ, ಅದರ ಮರುದಿನ ನಮ್ಮ ಫ್ಲೇಮ್ಸ್ ವಿರುದ್ಧ ಮೂರನೆಯ ಪಂದ್ಯ. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿರದ ಹುಡುಗನನ್ನು ನೇರವಾಗಿ ಪ್ಲೇಆಫ್‌ಗೆ ಇಳಿಸುವುದು ದುಡುಕು ಎಂದುಕೊಂಡಿದ್ದೆ. ಮೊದಲ ಅವಧಿಯಲ್ಲೇ ಅವರು ಗೋಲು ಹೊಡೆದರು. ನಾವು 6-2ರಲ್ಲಿ ಸೋತೆವು. ಸರಣಿಯೂ ಐದು ಪಂದ್ಯಗಳಲ್ಲಿ ಕೈಬಿಟ್ಟಿತು.

ಆದರೆ ಆ ವರ್ಷದ ಮಕಾರ್ ಅವರನ್ನು ನೆನೆದರೆ ಹಿಮದಂಗಳ ಅವರ ಮಾತಿನಲ್ಲಿ ಹುರುಳಿದೆ ಎನ್ನಿಸುತ್ತದೆ. ಅಂದು ಅವರ ಆಟದಲ್ಲಿ ವೇಗವಿತ್ತು, ಧೈರ್ಯವಿತ್ತು. ತಮ್ಮ ಗೋಲಿನ ಮುಂದೆ ದೊಡ್ಡ ಮೈಯ ಎದುರಾಳಿ ನಿಂತಾಗ ಏನು ಮಾಡಬೇಕೆಂಬ ನಿಶ್ಚಯ ಇನ್ನೂ ಬಂದಿರಲಿಲ್ಲ. ಐದಡಿ ಹನ್ನೊಂದು ಅಂಗುಲ ಎತ್ತರದ ಅವರು ಈ ಲೀಗಿನ ರಕ್ಷಣಾ ಆಟಗಾರರ ನಡುವೆ ಚಿಕ್ಕವರೇ. ಕೋಚ್ ಜೇರೆಡ್ ಬೆಡ್ನರ್ ಅವರು ಮುನ್ನಡೆ ಕಾಯಬೇಕಾದ ಕಡೆಯ ನಿಮಿಷಗಳನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚಾಗಿ ಅವರಿಗೆ ಒಪ್ಪಿಸುತ್ತಾ ಬಂದರು. 2022ರ ಪ್ಲೇಆಫ್‌ನಲ್ಲಿ ಅವರು ಪಂದ್ಯಕ್ಕೆ ಸರಾಸರಿ 27 ನಿಮಿಷ ಮಂಜಿನ ಮೇಲಿದ್ದರು. ಅರವತ್ತು ನಿಮಿಷದ ಆಟದಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಅಂಕಿಅಂಶ ಅವರೇ, ನೀವು ಕೇಳಿದ ವ್ಯತ್ಯಾಸದ ಒಂದು ಅಳತೆ ಇದು.

ಆಮ್‌ಹರ್ಸ್ಟ್ ಹಳೆಯ ವಿದ್ಯಾರ್ಥಿ:

ಆಮ್‌ಹರ್ಸ್ಟ್‌ನಲ್ಲಿರುವ ನಮ್ಮ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಹೆಸರು ಬಂದದ್ದರಿಂದ ಒಂದು ಮಾತನ್ನು ಸೇರಿಸುತ್ತೇನೆ. ಮಕಾರ್ ಅವರ ಬೆಳವಣಿಗೆಯನ್ನು 2019ರಿಂದ ಎಣಿಸಲು ಆರಂಭಿಸಿದರೆ ಮುಖ್ಯವಾದ ಅಧ್ಯಾಯವೊಂದು ತಪ್ಪಿಹೋಗುತ್ತದೆ.

ಅವರು ಕೆನಡಾದ ಆಲ್ಬರ್ಟ ಪ್ರಾಂತ್ಯದ ಬ್ರೂಕ್ಸ್ ಎಂಬ ಸಣ್ಣ ಪಟ್ಟಣದ ಬ್ಯಾಂಡಿಟ್ಸ್ ತಂಡದಲ್ಲಿ ಆಡಿದವರು. ಕೆನಡಾದ ದೊಡ್ಡ ಜೂನಿಯರ್ ಲೀಗುಗಳಲ್ಲಿ ಆಡಿದರೆ ಆಗಿನ ನಿಯಮದಂತೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿತ್ತು. ಆದ್ದರಿಂದ ಒಂದು ಮೆಟ್ಟಿಲು ಕೆಳಗಿನ ಲೀಗನ್ನೇ ಆರಿಸಿಕೊಂಡರು. 2017ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಅಂಥ ಲೀಗಿನ ಹುಡುಗನನ್ನು ಅವಲಾಂಚ್ ನಾಲ್ಕನೆಯವನಾಗಿ ಆರಿಸಿತು. ಹಿಂದಿನ ಋತುವಿನಲ್ಲಿ 48 ಅಂಕಗಳೊಂದಿಗೆ ಲೀಗಿನ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಆ ಸರದಿ ನಿರ್ಧರಿಸುವ ಲಾಟರಿಯಲ್ಲಿ ಮೊದಲ ಮೂರು ಸ್ಥಾನಗಳೂ ತಪ್ಪಿದ್ದವು. ಇತ್ತ ನಮ್ಮ ವಿಶ್ವವಿದ್ಯಾಲಯದ ತಂಡದ ಸ್ಥಿತಿಯೂ ಹಾಗೇ ಇತ್ತು: 2016-17ರಲ್ಲಿ 5 ಗೆಲುವು, 29 ಸೋಲು.

ಮೊದಲ ವರ್ಷ ಮಕಾರ್ 34 ಪಂದ್ಯಗಳಲ್ಲಿ 21 ಅಂಕ ಗಳಿಸಿದರು. ಆಗಲೇ ಎನ್‌ಎಚ್‌ಎಲ್‌ಗೆ ಹೊರಟುಹೋಗಬಹುದಿತ್ತು. ಅವರು ಹೋಗಲಿಲ್ಲ. ಎರಡನೆಯ ವರ್ಷ 41 ಪಂದ್ಯಗಳಲ್ಲಿ 49 ಅಂಕ ಗಳಿಸಿ, ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೋಬಿ ಬೇಕರ್ ಪ್ರಶಸ್ತಿ ಪಡೆದರು. ತಂಡ ಮೊತ್ತಮೊದಲ ಬಾರಿಗೆ ಫೈನಲ್ ತಲುಪಿತು. ಕೋಚ್ ಗ್ರೆಗ್ ಕಾರ್ವೆಲ್ ಅವರ ತಂಡದಲ್ಲಿ ಎಂಥ ಪ್ರತಿಭಾವಂತನಿಗೂ ತನ್ನ ಗೋಲಿನ ಕಡೆಯ ಕೆಲಸದಿಂದ ವಿನಾಯಿತಿ ಇರಲಿಲ್ಲ ಎಂಬುದನ್ನು ಗ್ಯಾಲರಿಯಲ್ಲಿ ಕೂತು ನೋಡಿದವರೆಲ್ಲ ಬಲ್ಲರು. ಆತುರಪಡದೆ ಇನ್ನೊಂದು ವರ್ಷ ಕಾಯಬಲ್ಲ ಹುಡುಗನೇ ಸೇಂಟ್ ಲೂಯಿಸ್ ವಿರುದ್ಧ ಆರು ಪಂದ್ಯಗಳುದ್ದಕ್ಕೂ ಆತುರಪಡದೆ ಆಡಿದ ಎಂದು ನಾನು ನಂಬುತ್ತೇನೆ.

ಕೊಡಗಿನ ಫುಲ್‌ಬ್ಯಾಕ್:

ನಾನು ಹುಲ್ಲಿನ ಮೇಲೆ ಹಾಕಿ ಆಡಿದವನು, ಕೌಟುಂಬಿಕ ಹಾಕಿ ಉತ್ಸವದಲ್ಲಿ ನಮ್ಮ ಮನೆತನದ ಪರವಾಗಿ ಹಲವು ವರ್ಷ ಫುಲ್‌ಬ್ಯಾಕ್ ಸ್ಥಾನದಲ್ಲಿ ನಿಂತವನು. ಮಂಜಿನ ಮೇಲಿನ ಆಟವನ್ನು ತಡರಾತ್ರಿ ಪರದೆಯಲ್ಲಿ ನೋಡಿ ಕಲಿಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ನಮ್ಮಲ್ಲಿ ಬ್ಯಾಕ್ ಆಟಗಾರ ಗೋಲು ಹೊಡೆಯುವುದು ಹೆಚ್ಚಾಗಿ ಪೆನಾಲ್ಟಿ ಕಾರ್ನರ್‌ನಿಂದ. ನಮ್ಮ ವಿ. ಆರ್. ರಘುನಾಥ್ ಅವರು ಭಾರತ ತಂಡದಲ್ಲಿ ಡ್ರ್ಯಾಗ್ ಫ್ಲಿಕ್ ಹೊಡೆದು, ಕೂಡಲೇ ತಿರುಗಿ ಓಡಿಬಂದು ತಮ್ಮ ಜಾಗ ಹಿಡಿಯುತ್ತಿದ್ದುದನ್ನು ನೋಡಿ ಬೆಳೆದವರು ನಾವು. ಮಕಾರ್ ಅವರ ಆಟದಲ್ಲಿ ಅಂಥ ಬೇರೆ ಬೇರೆ ಹೊತ್ತುಗಳೇ ಇಲ್ಲದಿರುವುದು ನನಗೆ ಅಚ್ಚರಿ. ದಾಳಿ ಎಲ್ಲಿ ಮುಗಿಯಿತು, ರಕ್ಷಣೆ ಎಲ್ಲಿ ತೊಡಗಿತು ಎಂದು ಗೆರೆ ಎಳೆಯಲಾಗುವುದಿಲ್ಲ. ನನ್ನ ಪ್ರಶ್ನೆ ಇಷ್ಟು: ಕಾನರ್ ಮೆಕ್‌ಡೇವಿಡ್ ಅಂಥ ಅತಿವೇಗದ ಆಟಗಾರ ಎದುರಿಗೆ ಬರುವಾಗ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ ಅವನನ್ನು ತಡೆಯುವುದು ಹೇಗೆ? ಹುಲ್ಲಿನ ಮೇಲೆ ನಾವು ಓರೆಯಾಗಿ ನಿಂತು, ಎದುರಾಳಿಯನ್ನು ನಮಗೆ ಬೇಕಾದ ಪಕ್ಕಕ್ಕೆ ತಳ್ಳುತ್ತೇವೆ. ಅಲ್ಲಿಯೂ ಅದೇ ಉಪಾಯವೇ?

ಹಿಮದಂಗಳ:

ನಿಮ್ಮ ಪ್ರಶ್ನೆ ಈ ಚರ್ಚೆಯ ಮರ್ಮಕ್ಕೇ ತಾಗಿದೆ. ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಅಂಕಿಅಂಶ ಅವರು ಕೇಳಿದ ಆಧಾರವೂ ಇದರಲ್ಲೇ ಇದೆ.

ಮೂರನೆಯ ಸುತ್ತಿನಲ್ಲಿ ಎಡ್ಮಂಟನ್ ಆಯ್ಲರ್ಸ್ ಎದುರಾದಾಗ ಆ ತಂಡದ ಮೆಕ್‌ಡೇವಿಡ್ ಅವರು 12 ಪಂದ್ಯಗಳಲ್ಲಿ 26 ಅಂಕ ಗಳಿಸಿ ಬಂದಿದ್ದರು. ಅವರ ಎದುರು ಬೆಡ್ನರ್ ನಿಲ್ಲಿಸಿದ ಜೋಡಿ ಮಕಾರ್ ಮತ್ತು ಡೆವನ್ ಟೇವ್ಸ್. ಸಾಮಾನ್ಯವಾಗಿ ರಕ್ಷಣಾ ಆಟಗಾರರು ಮೆಕ್‌ಡೇವಿಡ್ ಅವರ ವೇಗಕ್ಕೆ ಹೆದರಿ ಬಹಳ ಹಿಂದೆ ಸರಿಯುತ್ತಾರೆ. ಹಾಗೆ ಸರಿದಷ್ಟೂ ನಡುವಿನ ಜಾಗ ಅವರಿಗೆ ಬಿಟ್ಟಂತಾಗುತ್ತದೆ, ಮತ್ತು ಆ ಜಾಗವೇ ಅವರಿಗೆ ವೇಗ ಕೂಡಿಸಿಕೊಳ್ಳುವ ರನ್‌ವೇ. ಮಕಾರ್ ಅಷ್ಟು ಹಿಂದೆ ಸರಿಯಲಿಲ್ಲ. ಕೋಲಿನ ಅಳತೆಗಿಂತ ಸ್ವಲ್ಪವೇ ಹೆಚ್ಚಿನ ಅಂತರವನ್ನು ಉಳಿಸಿಕೊಂಡು, ಸ್ಕೇಟಿನ ಒಳ ಅಂಚು ಹೊರ ಅಂಚುಗಳ ಮೇಲೆ ಭಾರ ಬದಲಿಸುತ್ತಾ, ನೀವು ಹೇಳಿದಂತೆಯೇ ನಡುವಿನ ದಾರಿಯನ್ನು ಮುಚ್ಚಿ ಅಂಗಣದ ಸುತ್ತಲಿನ ಗೋಡೆಯ ಕಡೆಗೆ ತಳ್ಳಿದರು. ನೀಲಿ ಗೆರೆಯ ಮೇಲೆ ಪಕ್ ಹಿಡಿದು ಅಡ್ಡಡ್ಡಕ್ಕೆ ಜಾರುತ್ತಾ ಎದುರಾಳಿಯನ್ನು ಗಲಿಬಿಲಿಗೊಳಿಸುವ ಅದೇ ಕಾಲ್ಗಾರಿಕೆಯನ್ನು ಇಲ್ಲಿ ತಿರುಗಿಸಿ ತಡೆಯಲು ಬಳಸಿದರು. ಅವರ ದಾಳಿಗೂ ರಕ್ಷಣೆಗೂ ನಡುವೆ ಗೆರೆ ಎಳೆಯಲಾಗದು ಎಂಬ ನಿಮ್ಮ ಮಾತು ಇದೇ ಕಾರಣಕ್ಕೆ ನಿಜ: ಎರಡೂ ಹುಟ್ಟುವುದು ಅದೇ ಪಾದಗಳಲ್ಲಿ.

ಮೆಕ್‌ಡೇವಿಡ್ ಅವರನ್ನು ಪೂರ್ತಿ ಕಟ್ಟಿಹಾಕಿದರೆಂದು ನಾನು ಹೇಳುವುದಿಲ್ಲ. ನಾಲ್ಕು ಪಂದ್ಯಗಳಲ್ಲಿ ಮೂರು ಗೋಲು, ನಾಲ್ಕು ಅಸಿಸ್ಟ್ ಅವರ ಪಾಲಿಗೆ ಬಂದವು. ಆದರೆ ಎರಡನೆಯ ಪಂದ್ಯವನ್ನು ಅವಲಾಂಚ್ 4-0ರಲ್ಲಿ ಗೆದ್ದಿತು. ಆ ಪ್ಲೇಆಫ್‌ನಲ್ಲಿ ಹೊನಲಿನಂತೆ ಹರಿಯುತ್ತಿದ್ದ ಎಡ್ಮಂಟನ್ ದಾಳಿ ಅಂದು ಒಂದು ಗೋಲೂ ಕಾಣಲಿಲ್ಲ.

ನಾಲ್ಕನೆಯ ಪಂದ್ಯವಂತೂ ನಾನು ಮರೆಯಲಾರೆ. ಜೂನ್ 6ರಂದು ಎಡ್ಮಂಟನ್ನಿನಲ್ಲಿ ಎರಡು ಅವಧಿ ಮುಗಿದಾಗ ಅವಲಾಂಚ್ 3-1ರಲ್ಲಿ ಹಿಂದಿತ್ತು. ಮೂರನೆಯ ಅವಧಿಯಲ್ಲಿ ಗೋಲುಗಳ ಮಳೆಯೇ ಸುರಿದು 5-5 ಆಯಿತು. ಹೆಚ್ಚುವರಿ ಅವಧಿ ಶುರುವಾಗಿ ಎರಡು ನಿಮಿಷ ತುಂಬುವ ಮುನ್ನ ಮಕಾರ್ ನೀಲಿ ಗೆರೆಯಿಂದ ಹೊಡೆದ ಪಕ್ ಸಹ ಆಟಗಾರ ಅರ್ತುರಿ ಲೆಹ್ಕೋನೆನ್ ಅವರ ಕೋಲಿಗೆ ತಾಗಿ, ಗೋಲ್‌ಕೀಪರ್‌ನಿಂದ ಮರಳಿ ಬಂತು. ಲೆಹ್ಕೋನೆನ್ ಅದನ್ನು ಒಳಗೆ ತಳ್ಳಿದರು. ಪಕ್‌ಗೆ ತಾಗಿದಾಗ ಕೋಲು ನಿಯಮ ಮೀರಿ ಎತ್ತರದಲ್ಲಿತ್ತೇ ಎಂಬ ಮರುಪರಿಶೀಲನೆ ಮುಗಿಯುವವರೆಗೂ ನಮ್ಮ ಮನೆಯಲ್ಲಿ ಯಾರೂ ಕೂತಿರಲಿಲ್ಲ. ಆ ಪಂದ್ಯದಲ್ಲಿ ಮಕಾರ್ ಅವರಿಗೆ ಒಂದು ಗೋಲು, ನಾಲ್ಕು ಅಸಿಸ್ಟ್. ಸೇಂಟ್ ಲೂಯಿಸ್ ವಿರುದ್ಧ ಇದೇ ಹೊಡೆತಗಳ ದಾರಿ ಮುಚ್ಚಿದ್ದಾಗ ಅವರು ಹೊಡೆದಿರಲಿಲ್ಲ; ದಾರಿ ತೆರೆದ ದಿನ ಹಿಂಜರಿಯಲೂ ಇಲ್ಲ.

ಅಂಕಿಅಂಶ:

ಇಷ್ಟು ವಿವರ ಕೊಟ್ಟದ್ದಕ್ಕೆ ಕೃತಜ್ಞ. ಅಂತರ ಕಾಯ್ದುಕೊಳ್ಳುವ ವಿಷಯದಲ್ಲಿ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಎರಡು ಸಂಗತಿಗಳನ್ನು ದಾಖಲಿಸಬೇಕು. ಆ ಸರಣಿಯಲ್ಲಿ ಎಡ್ಮಂಟನ್ನಿನ ಇನ್ನೊಬ್ಬ ಮುಖ್ಯ ದಾಳಿಗಾರ ಲಿಯಾನ್ ಡ್ರೈಸೈಟಲ್ ಕಾಲಿನ ಗಾಯದೊಂದಿಗೇ ಆಡುತ್ತಿದ್ದರು. ಇನ್ನು ಟೇವ್ಸ್ ಅವರ ಹೆಸರನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅವಲಾಂಚ್ ಅವರನ್ನು 2020ರ ಅಕ್ಟೋಬರ್‌ನಲ್ಲಿ ಐಲ್ಯಾಂಡರ್ಸ್ ತಂಡದಿಂದ ಎರಡನೆಯ ಸುತ್ತಿನ ಎರಡು ಡ್ರಾಫ್ಟ್ ಆಯ್ಕೆಗಳನ್ನು ಬಿಟ್ಟುಕೊಟ್ಟು ಪಡೆಯಿತು. ಮಕಾರ್ ಮುಂದೆ ಹೋದ ಪ್ರತಿಯೊಂದು ಸಲವೂ ಹಿಂದೆ ಯಾರೋ ಒಬ್ಬರು ಲೆಕ್ಕಹಾಕಿ ನಿಂತಿದ್ದರು, ಮತ್ತು ಹೆಚ್ಚಿನ ಸಲ ಆ ಒಬ್ಬರು ಟೇವ್ಸ್. ಮಕಾರ್ ಅವರ ಬೆಳವಣಿಗೆಯ ಕಥೆಯಲ್ಲಿ ಅರ್ಧ ಪುಟವಾದರೂ ಅವರಿಗೆ ಸಲ್ಲಬೇಕು.

ಕ್ಯಾಲ್ಗರಿಯಿಂದ:

ಟೇವ್ಸ್ ಬಗ್ಗೆ ಪೂರ್ಣ ಸಮ್ಮತಿ. ಇದೇ ಸರಣಿಯ ಮೊದಲ ಪಂದ್ಯದಲ್ಲಿ ಮಕಾರ್ ಹೊಡೆದ ಗೋಲಿನ ಬಗ್ಗೆ ಆಲ್ಬರ್ಟದಲ್ಲಿ ಇಂದಿಗೂ ವಾದ ನಡೆಯುತ್ತದೆ. ಮೊದಲ ಅವಧಿ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಅವರು ಪಕ್ಕನ್ನು ನೀಲಿ ಗೆರೆಯಾಚೆಗೆ ತಳ್ಳಿದರು. ಆಗ ಅವರದೇ ತಂಡದ ವಲೇರಿ ನಿಚುಶ್ಕಿನ್ ಇನ್ನೂ ಒಳಗಿದ್ದರು. ನಿಚುಶ್ಕಿನ್ ಗೆರೆಯನ್ನು ಮುಟ್ಟಿ ಹೊರಬರುವವರೆಗೂ ಮಕಾರ್ ಪಕ್ಕನ್ನು ಮತ್ತೆ ಮುಟ್ಟಲಿಲ್ಲ, ಹೀಗಾಗಿ ಆಫ್‌ಸೈಡ್ (ಪಕ್‌ಗಿಂತ ಮೊದಲೇ ದಾಳಿಯ ಆಟಗಾರ ಗೆರೆಯೊಳಗಿರುವ ತಪ್ಪು) ಅಲ್ಲವೆಂದು ತೀರ್ಪಾಯಿತು. ಪ್ರಶ್ನಿಸಿ ಸೋತ ಎಡ್ಮಂಟನ್‌ಗೆ ದಂಡ ಬಿದ್ದು ಎರಡು ನಿಮಿಷ ಒಬ್ಬ ಆಟಗಾರ ಕಡಿಮೆಯಾದರು, ಎರಡನೆಯ ಅವಧಿಯ ಆರಂಭದಲ್ಲೇ ಅವಲಾಂಚ್‌ನ ನಾಜೆಮ್ ಕಾದ್ರಿ ಅದರ ಲಾಭ ಪಡೆದು ಇನ್ನೊಂದು ಗೋಲು ಹೊಡೆದರು. ಪಂದ್ಯ ಮುಗಿದದ್ದು 8-6ರಲ್ಲಿ. ತೀರ್ಪು ನಿಯಮದ ಅಕ್ಷರಕ್ಕೆ ಸರಿಯಾಗಿತ್ತು ಎಂದು ನಾನು ಒಪ್ಪುತ್ತೇನೆ, ಆದರೆ ಪಕ್ ಅವರ ಹತೋಟಿಯಲ್ಲೇ ಇತ್ತು ಎಂದು ಹೇಳುವ ನೆರೆಹೊರೆಯವರನ್ನು ತಪ್ಪೆನ್ನಲಾರೆ.

ಆಮ್‌ಹರ್ಸ್ಟ್ ಹಳೆಯ ವಿದ್ಯಾರ್ಥಿ:

ಫೈನಲ್ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ಹಿಂದಿನ ಎರಡು ವರ್ಷವೂ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ಟ್ಯಾಂಪಾ ಬೇ ಲೈಟ್ನಿಂಗ್ ಎದುರು ಎರಡನೆಯ ಪಂದ್ಯವನ್ನು ಅವಲಾಂಚ್ 7-0ರಲ್ಲಿ ಗೆದ್ದಾಗ ಮಕಾರ್ ಎರಡು ಗೋಲು ಹೊಡೆದರು: ಒಂದು, ದಂಡದಿಂದಾಗಿ ತಮ್ಮ ತಂಡದಲ್ಲಿ ಒಬ್ಬರು ಕಡಿಮೆಯಿದ್ದಾಗ; ಇನ್ನೊಂದು, ಎದುರಾಳಿಯಲ್ಲಿ ಒಬ್ಬರು ಕಡಿಮೆಯಿದ್ದಾಗ. ಐದನೆಯ ಪಂದ್ಯದ ಮೂರನೆಯ ಅವಧಿಯಲ್ಲಿ ಅವರೇ ಸಮಗೊಳಿಸಿದರೂ ಆಂದ್ರೆ ಪಲಾಟ್ ಅವರ ಗೋಲಿನಿಂದ ಟ್ಯಾಂಪಾ ಉಳಿಯಿತು. ಜೂನ್ 26ರ ಆರನೆಯ ಪಂದ್ಯದಲ್ಲಿ 2-1ರ ಮುನ್ನಡೆಯನ್ನು ಮೂರನೆಯ ಅವಧಿಯುದ್ದಕ್ಕೂ ಅವರು ಕಾದ ರೀತಿಯನ್ನು ಪ್ರಶಸ್ತಿ ಕೊಟ್ಟವರು ಗಮನಿಸಿರಬೇಕು. ಆ ಇಪ್ಪತ್ತು ನಿಮಿಷಗಳಲ್ಲಿ ಟ್ಯಾಂಪಾಗೆ ಗೋಲಿನತ್ತ ಹೊಡೆಯಲು ಹೆಚ್ಚು ಅವಕಾಶಗಳು ಸಿಗಲಿಲ್ಲ.

ಅಂಕಿಅಂಶ:

ಬೆಳವಣಿಗೆ ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ ಎಂಬುದನ್ನೂ ಹೇಳಿದರೆ ಚರ್ಚೆ ಪ್ರಾಮಾಣಿಕವಾಗುತ್ತದೆ. ಮರುವರ್ಷದ ಪ್ಲೇಆಫ್‌ನಲ್ಲಿ ಸಿಯಾಟಲ್ ಕ್ರಾಕನ್ ವಿರುದ್ಧ ಪಕ್ ಬಳಿಯಿಲ್ಲದ ಜೇರೆಡ್ ಮೆಕ್ಯಾನ್ ಅವರನ್ನು ಗೋಡೆಗೆ ಗುದ್ದಿದ್ದಕ್ಕೆ ಮಕಾರ್ ಅವರ ಮೇಲೆ ಒಂದು ಪಂದ್ಯದ ನಿಷೇಧ ಬಂತು; ಏಳು ಪಂದ್ಯಗಳವರೆಗೆ ನಡೆದ ಆ ಸರಣಿಯನ್ನು ತಂಡ ಸೋತಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಡಿಸೆಂಬರ್‌ನಲ್ಲಿ, ಮ್ಯಾಥ್ಯೂ ಬಾರ್ಜಾಲ್ ತಮ್ಮನ್ನು ಬೀಳಿಸಲಿಲ್ಲ, ತಾವೇ ಬಿದ್ದದ್ದು ಎಂದು ರೆಫರಿಗೆ ತಿಳಿಸಿ ಎದುರಾಳಿಯ ದಂಡವನ್ನು ರದ್ದುಗೊಳಿಸಿದ ಆಟಗಾರರೂ ಇವರೇ. 2024-25ರಲ್ಲಿ 30 ಗೋಲು, 92 ಅಂಕಗಳೊಂದಿಗೆ ಎರಡನೆಯ ನಾರಿಸ್ ಪಡೆದರು. 2008-09ರ ಮೈಕ್ ಗ್ರೀನ್ ಅವರ ನಂತರ 30 ಗೋಲು ಮುಟ್ಟಿದ ಮೊದಲ ರಕ್ಷಣಾ ಆಟಗಾರ. ಅದೇ ವರ್ಷದ ಪ್ಲೇಆಫ್‌ನಲ್ಲಿ ಡಲ್ಲಾಸ್ ವಿರುದ್ಧ ಏಳು ಪಂದ್ಯಗಳಲ್ಲಿ ಒಂದೇ ಗೋಲು, ನಾಲ್ಕು ಅಸಿಸ್ಟ್. ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆ ಸರಣಿಯ ಶಾಂತ ಪಂದ್ಯಗಳನ್ನೂ ಪ್ರಬುದ್ಧತೆ ಎನ್ನುತ್ತೀರಾ, ಹಿಮದಂಗಳ ಅವರೇ?

ಹಿಮದಂಗಳ:

ಇಲ್ಲ, ಎನ್ನುವುದಿಲ್ಲ. ಡಲ್ಲಾಸ್ ವಿರುದ್ಧದ ಆ ಸರಣಿಯಲ್ಲಿ ಅವರು ನೀಲಿ ಗೆರೆಯ ಮೇಲೆ ತಡವರಿಸುತ್ತಿದ್ದರು. ಪಕ್ ಕೋಲಿನಿಂದ ಬೇಡದ ಹೊತ್ತಿನಲ್ಲಿ ಜಾರುತ್ತಿತ್ತು. ನೋಡುವಾಗ ನನಗೆ ನೋವಾಯಿತು. ಸೇಂಟ್ ಲೂಯಿಸ್ ವಿರುದ್ಧ ಹೆಚ್ಚು ಅಂಕವಿಲ್ಲದಿದ್ದರೂ ಅವರ ಮೊದಲ ಪಾಸು ತಪ್ಪುತ್ತಿರಲಿಲ್ಲ. ಎರಡೂ ಸರಣಿಗಳನ್ನು ನಾನು ಬೇರೆ ಮಾಡುವುದು ಅದರಿಂದಲೇ. ನಿಮ್ಮ ಪ್ರಶ್ನೆ ಕೇಳದಿದ್ದರೆ ಈ ಹೋಲಿಕೆಯನ್ನು ನಾನು ಮಾಡುತ್ತಿರಲಿಲ್ಲ.

ಕೊಡಗಿನ ಫುಲ್‌ಬ್ಯಾಕ್:

ನಮ್ಮೂರ ಮೈದಾನದಲ್ಲಿ ಹದಿನಾಲ್ಕು ವಯಸ್ಸಿನ ಹುಡುಗ ಹುಡುಗಿಯರಿಗೆ ಬ್ಯಾಕ್ ಆಟ ಹೇಳಿಕೊಡುತ್ತಿದ್ದೇನೆ. ಎಲ್ಲರಿಗೂ ಮುಂದೆ ಓಡಿಹೋಗುವ ಆಸೆ. ಅವರಿಗೆ ಮಕಾರ್ ಅವರ ಒಂದೇ ಒಂದು ಪಂದ್ಯ ತೋರಿಸಬೇಕಾದರೆ ಯಾವುದನ್ನು ತೋರಿಸಲಿ?

ಹಿಮದಂಗಳ:

ಗೋಲುಗಳ ತುಣುಕುಗಳು ಬೇಡ. ಸೇಂಟ್ ಲೂಯಿಸ್‌ನಲ್ಲಿ ನಡೆದ ಎರಡನೆಯ ಸುತ್ತಿನ ಆರನೆಯ ಪಂದ್ಯವನ್ನು ತೋರಿಸಿ. ಹಿಂದಿನ ಪಂದ್ಯದ ಸೋಲಿನ ಭಾರ ಹೊತ್ತು ಬಂದ ತಂಡ, ಐದೂವರೆ ಸೆಕೆಂಡು ಉಳಿದಿರುವಾಗ ಡ್ಯಾರನ್ ಹೆಲ್ಮ್ ಹೊಡೆದ ಗೋಲಿನಿಂದ ಗೆದ್ದ ಪಂದ್ಯ ಅದು. ಮೂರನೆಯ ಅವಧಿಯಲ್ಲಿ ಪಕ್ ಎಲ್ಲಿದೆಯೆಂದು ನೋಡದೆ, ಎಂಟನೆಯ ಸಂಖ್ಯೆಯ ಆಟಗಾರನ ಪಾದಗಳನ್ನು ಮಾತ್ರ ನೋಡಲು ಮಕ್ಕಳಿಗೆ ಹೇಳಿ. ಎಷ್ಟು ಸಲ ಮುಂದೆ ಹೋಗಲು ಹೊರಟು ನಿಲ್ಲುತ್ತಾರೆ ಎಂದು ಎಣಿಸಲಿ. ಅವರು ಎಣಿಸಿದ್ದು ಎಷ್ಟೆಂದು ಇಲ್ಲಿ ಬರೆಯಿರಿ. ನಾನೂ ಈ ವಾರಾಂತ್ಯ ಕೂತು ಎಣಿಸುತ್ತೇನೆ.